ಭಾರೀ ಮಳೆ ಮತ್ತು ಪ್ರವಾಹ ಮುನ್ಸೂಚನೆ

1. ಸಂಸ್ಥೆಗಳು: ಮಳೆಯ ಮುನ್ಸೂಚನೆಯು 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಕಾರ್ಯವಾದರೆ, ನದೀಪ್ರವಾಹದ ಮುನ್ಸೂಚನೆಯು ಜಲಶಕ್ತಿ ಸಚಿವಾಲಯಕ್ಕೆ ಅಧೀನವಾದ ಕೇಂದ್ರ ಜಲ ಆಯೋಗದ ಹೊಣೆಯಾಗಿರುವುದು.

2. 24 ಗಂಟೆಗಳ ಮಳೆ (ಮಿ.ಮೀ.):
• ಭಾರೀ: 64.5–115.5
• ಅತಿ ಭಾರೀ: 115.6–204.4
• ಅತ್ಯಂತ ಭಾರೀ: 204.5 ಹಾಗೂ ಅಧಿಕ

3. ವರ್ಣಸಂಕೇತ: ಹಸಿರು – ಕ್ರಮ ಅನಗತ್ಯ, ಹಳದಿ – ಗಮನಿಸಿರಿ, ಕಿತ್ತಳೆ – ಸನ್ನದ್ಧರಾಗಿರಿ, ಕೆಂಪು – ಕಾರ್ಯಪ್ರವೃತ್ತರಾಗಿರಿ.

4. ನದೀಮಟ್ಟ: ಎಚ್ಚರಿಕೆಯ ಮಟ್ಟವನ್ನು ಮುಟ್ಟಿದ ನದಿಯು ‘ಸಾಮಾನ್ಯಕ್ಕಿಂತ ಅಧಿಕ’, ಅಪಾಯದ ಮಟ್ಟವನ್ನು ಮುಟ್ಟಿದುದು ‘ತೀವ್ರ’, ಪೂರ್ವದ ಗರಿಷ್ಠ ಪ್ರವಾಹಮಟ್ಟವನ್ನು ಮುಟ್ಟಿದುದು ಅಥವಾ ಮೀರಿದುದು ‘ವಿಪರೀತ’ ಪ್ರವಾಹವೆನಿಸುವುದು.

5. ಗೊಂದಲದ ಅಂಶ: ಅಲ್ಪ ಪ್ರದೇಶದಲ್ಲಿ ಗಂಟೆಗೆ ಸುಮಾರು 100 ಮಿ.ಮೀ. ಸುರಿಯುವ ಮೇಘಸ್ಫೋಟವು 24 ಗಂಟೆಗಳ ಮೇಲ್ಕಂಡ ವರ್ಗೀಕರಣದಿಂದ ಭಿನ್ನವಾದುದು.

6. ಕಾನೂನು: ವಿಪತ್ತು ನಿರ್ವಹಣಾ ಅಧಿನಿಯಮ, 2005; ಇದರಡಿಯ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಪದನಿಮಿತ್ತ ಅಧ್ಯಕ್ಷರು ಪ್ರಧಾನಮಂತ್ರಿಗಳು.