ಎರೆಭೂಮಿಯ ಹಿತ್ತಲಿಗೆ ಜೋಡಿ ನೆಲ್ಲಿ

ಒಂಟಿ ನೆಲ್ಲಿ ಗಿಡ ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ತನ್ನದೇ ಪರಾಗದಿಂದ ಅದು ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಕೃಷ್ಣಾ, ಎನ್.ಎ.-7 ಹೀಗೆ ಎರಡು ತಳಿಗಳ ಕಸಿ ಗಿಡಗಳನ್ನು 6 ಮೀಟರ್ ಅಂತರದಲ್ಲಿ ಹಚ್ಚಬೇಕು. ಜಾಗ ಸಾಲದಿದ್ದರೆ ನೆರೆಯವರ ಹಿತ್ತಲಲ್ಲಿ ಇನ್ನೊಂದು ತಳಿ ಇರಲಿ.

ಬೆಣ್ಣೆಹಳ್ಳದ ದಂಡೆಯ ಯಮನೂರಿನಂತಹ ಊರುಗಳ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಡುತ್ತದೆ. ನೆಲ್ಲಿ ಸ್ವಲ್ಪ ಸವುಳನ್ನು ತಾಳೀತು, ಬುಡದಲ್ಲಿ ನಿಂತ ನೀರನ್ನು ತಾಳದು. ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಿಂದ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಜೂನ್-ಜುಲೈನಲ್ಲಿ ನೆಡಿರಿ.

ಕಸಿಗಂಟು ಮಣ್ಣಿನ ಮೇಲಿರಲಿ. ಅದರ ಕೆಳಗಿನ ಚಿಗುರು ಚಿವುಟಿರಿ. ಎರಡೂವರೆ ಅಡಿ ಒಂದೇ ಕಾಂಡ ಬೆಳೆಸಿ, ಮೇಲೆ ನಾಲ್ಕೈದು ಟೊಂಗೆ ಉಳಿಸಿರಿ. ಬೇಸಿಗೆಯಲ್ಲಿ ಎಳೆ ಗಿಡಕ್ಕೆ ನೆರಳು, ಬುಡಕ್ಕೆ ಒಣ ಎಲೆಯ ಹೊದಿಕೆ ಅಗತ್ಯ. ಹೂ ಬಿಟ್ಟಾಗ ನೀರು ಬೇಡ. ಕಾಯಿ ಕಚ್ಚಿದ ಮೇಲೆ ಹಾಯಿಸಿರಿ.