ಸಂದೇಶವಾಹಕಗಳ ಆಯ್ಕೆ: ಒಂದು ವಿವೇಚನೆ

ಕನ್ನಡದ ‘ಅಂಚೆ’ ಶಬ್ದಕ್ಕೆ ಎರಡು ಅರ್ಥಗಳುಂಟು. ಓಲೆಗಳನ್ನು ಊರಿಂದೂರಿಗೆ ಸಾಗಿಸುವ ವ್ಯವಸ್ಥೆ ಒಂದು. ‘ಹಂಸ’ ಶಬ್ದದ ತದ್ಭವವಾಗಿ ಕಾವ್ಯಗಳಲ್ಲಿ ಬಳಕೆಗೊಂಡ ಪಕ್ಷಿವಾಚಕ ಇನ್ನೊಂದು. ನಳನ ಸಂದೇಶವನ್ನು ದಮಯಂತಿಗೆ ಮುಟ್ಟಿಸಿದ ಹಂಸದ ಕಥೆಯನ್ನು ಬಲ್ಲವರಿಗೆ ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ನೆಲಸಿರುವುದು ಸೊಗಸಾಗಿ ತೋರುತ್ತದೆ. ಆ ಹಂಸಕ್ಕೆ ಪ್ರತಿಸ್ಪರ್ಧಿಗಳಿರಲಿಲ್ಲ. ಇಂದಾದರೋ ಚಾಮರಾಜನಗರದ ಅರಿಸಿನ ಬೆಳೆಗಾರನ ಕೈಯಲ್ಲಿರುವ ಫೋನಿಗೂ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಎಂದು ನಾಲ್ಕಾರು ಹಂಸಗಳು ಸಿದ್ಧವಾಗಿವೆ. ಇವುಗಳಲ್ಲಿ ಬಹುಮಂದಿ ಒಂದನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಪ್ರಶ್ನೆ ಸಣ್ಣದಾಗಿ ಕಂಡರೂ ಶಾಲೆ, ಮಠ, ಸಂಘಸಂಸ್ಥೆಗಳನ್ನು ನಡೆಸುವವರು ಇದನ್ನು ಕೂಲಂಕಷವಾಗಿ ಆಲೋಚಿಸುವುದು ಅವಶ್ಯ.

ಯಾವುದು ಗುಣದಲ್ಲಿ ಮೇಲೋ ಅದನ್ನು ಜನ ಆರಿಸುತ್ತಾರೆಂಬುದು ಸಾಮಾನ್ಯ ಉತ್ತರ. ಆದರೆ ಅನುಭವ ಈ ಉತ್ತರವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 2021ರ ಜನವರಿಯಲ್ಲಿ ವಾಟ್ಸಾಪ್ ಸಂಸ್ಥೆಯು ಬಳಕೆದಾರರ ಮಾಹಿತಿಯನ್ನು ತನ್ನ ಒಡೆಯನಾದ ಫೇಸ್‌ಬುಕ್ ಸಂಸ್ಥೆಯೊಡನೆ ಹಂಚಿಕೊಳ್ಳುವ ಬಗ್ಗೆ ಹೊಸ ನಿಯಮಾವಳಿಯನ್ನು ಪ್ರಕಟಿಸಿ, ಎಲ್ಲರೂ ಅದನ್ನು ಒಪ್ಪಬೇಕೆಂದಿತು. ಲೋಕವೆಲ್ಲ ಕಳವಳಗೊಂಡಿತು. ಕೋಟ್ಯಂತರ ಜನ ಸಿಗ್ನಲ್ ಮತ್ತು ಟೆಲಿಗ್ರಾಂಗಳನ್ನು ತಮ್ಮ ಫೋನುಗಳಿಗೆ ಇಳಿಸಿಕೊಂಡರು. ಆದರೆ ಅವರಲ್ಲಿ ಹೆಚ್ಚಿನವರು ವಾಟ್ಸಾಪನ್ನು ತೊರೆಯಲಿಲ್ಲ. ಹೊಸ ಮನೆಗೆ ಬೀಗದ ಕೈ ಪಡೆದವರು ಹಳೆಯ ಮನೆಯಲ್ಲಿಯೇ ಅಡುಗೆ ಮಾಡಿದಂತಾಯಿತು. ಭಾರತದಲ್ಲಿಯೇ ಹುಟ್ಟಿ 2012ರಿಂದ ನಡೆದು ಬಂದಿದ್ದ ಹೈಕ್ ಎಂಬ ಸಂದೇಶವಾಹಕವು ಅದೇ ತಿಂಗಳು ಮುಚ್ಚಿಹೋಯಿತು. ಚೆನ್ನೈನ ಜೋಹೋ ಸಂಸ್ಥೆಯ ಅರಟ್ಟೈ ಬಂದುದೂ 2021ರಲ್ಲಿಯೇ. ನಮ್ಮ ‘ಹರಟೆ’ಯನ್ನು ನೆನಪಿಗೆ ತರುವ ಈ ತಮಿಳು ಹೆಸರು ಮನೆಮಾತಾಗಲು 2025ರ ಸ್ವದೇಶಿ ಉತ್ಸಾಹ ಬರಬೇಕಾಯಿತು. ಆಗಲೂ ಅದನ್ನು ಇಳಿಸಿಕೊಂಡವರು ಮೊದಲು ಕೇಳಿದ ಪ್ರಶ್ನೆ, ‘ಇದರಲ್ಲಿ ಇನ್ನಾರು ಇದ್ದಾರೆ?’ ಎಂಬುದೇ ಆಗಿತ್ತು.

ಈ ಪ್ರಶ್ನೆಯಲ್ಲಿಯೇ ವಿಷಯದ ತಿರುಳಿದೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ರೈತನು ಟೊಮ್ಯಾಟೊ, ಬೀನ್ಸುಗಳನ್ನು ಒಯ್ಯುವುದು ಅಲ್ಲಿಯ ಕಟ್ಟಡವನ್ನು ಮೆಚ್ಚಿಯಲ್ಲ. ಕೊಳ್ಳುವವರು ಅಲ್ಲಿಗೆ ಬರುತ್ತಾರೆಂದು. ಕೊಳ್ಳುವವರಾದರೂ ಬರುವುದು ರೈತರು ಅಲ್ಲಿರುತ್ತಾರೆಂದು. ಇದಕ್ಕಿಂತ ನೆರಳಿರುವ, ನೀರಿರುವ ಬಯಲನ್ನು ಯಾರಾದರೂ ತೋರಿಸಿದರೆ ಒಬ್ಬನೇ ರೈತ ಅಲ್ಲಿಗೆ ಹೋಗಿ ಕುಳಿತು ಮಾಡುವುದೇನು? ಎಲ್ಲರೂ ಒಟ್ಟಿಗೆ ಎದ್ದು ಹೊರಟರೆ ಮಾತ್ರ ಸಂತೆ ಸ್ಥಳ ಬದಲಿಸೀತು. ಸಂದೇಶವಾಹಕವೂ ಒಂದು ಸಂತೆ. ಅದರ ಬೆಲೆ ಇರುವುದು ಅದರ ಯಂತ್ರಕೌಶಲದಲ್ಲಿ ಎನ್ನುವುದಕ್ಕಿಂತ ಅದರಲ್ಲಿ ನೆರೆದ ಜನರಲ್ಲಿ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೊಂದನ್ನು ಗಮನಿಸಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಹಣಪಾವತಿಯಲ್ಲಿಯೂ ಹಲವು ಆ್ಯಪುಗಳಿವೆ. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಬಳಿ ಚಹಾ ಕುಡಿದವನು ಫೋನ್‌ಪೇಯಿಂದ ಹಣ ಕಳುಹಿಸಿದರೂ ಗೂಗಲ್‌ಪೇಯಿಂದ ಕಳುಹಿಸಿದರೂ ಅಂಗಡಿಯವನಿಗೆ ಅದು ಮುಟ್ಟುತ್ತದೆ. ಕೊಡುವವನ ಆ್ಯಪ್ ಯಾವುದೆಂದು ಪಡೆಯುವವನು ಕೇಳಬೇಕಾಗಿಲ್ಲ. 2011ರ ಜನವರಿಯಲ್ಲಿ ದೇಶಾದ್ಯಂತ ಜಾರಿಗೆ ಬಂದ ನಿಯಮದಿಂದ, ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವುದೂ ಸಾಧ್ಯವಾಯಿತು. ಮನೆಯಿಂದ ಮನೆಗೆ ಬಾಗಿಲಿರುವ ಇಂಥ ಕಡೆಗಳಲ್ಲಿ ವ್ಯಕ್ತಿಯು ಗುಣದೋಷಗಳನ್ನು ತೂಗಿ ಆರಿಸಬಲ್ಲನು. ವಾಟ್ಸಾಪಿನಿಂದ ಬರೆದ ಓಲೆಯಾದರೋ ಸಿಗ್ನಲ್ ಮಾತ್ರ ಇಟ್ಟುಕೊಂಡವನಿಗೆ ಮುಟ್ಟದು. ದೊಡ್ಡ ಸಂದೇಶವಾಹಕಗಳು ಇತರರಿಗೂ ಬಾಗಿಲು ತೆರೆಯಬೇಕೆಂದು ಯುರೋಪಿನ ಒಕ್ಕೂಟವು 2022ರ ಕಾಯಿದೆಯೊಂದರಲ್ಲಿ ವಿಧಿಸಿತು. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ. ಬಾಗಿಲಿಲ್ಲದ ಕಡೆ ಆಯ್ಕೆ ಮಾಡುವವನು ವ್ಯಕ್ತಿಯಲ್ಲ, ಸಮೂಹ.

ಹಾಗೆಂದು ಗುಣಗಳು ನಿರರ್ಥಕವೆಂದಲ್ಲ. ಮೊದಲ ಗುಂಪು ಕೂಡಿದ್ದು ಅವುಗಳಿಂದಲೇ. 2009ರಲ್ಲಿ ಹುಟ್ಟಿದ ವಾಟ್ಸಾಪ್ ಬೇರೆ ಹೆಸರು, ಗುಪ್ತಪದಗಳನ್ನು ಕೇಳದೆ ಫೋನ್ ಸಂಖ್ಯೆಯನ್ನೇ ವಿಳಾಸವನ್ನಾಗಿ ಮಾಡಿಕೊಂಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲ ಅಗ್ಗವಾಯಿತು. 2018ರಲ್ಲಿ ಗುಂಡಿಗಳುಳ್ಳ ಸಾಧಾರಣ ಜಿಯೋಫೋನಿಗೂ ವಾಟ್ಸಾಪ್ ದೊರೆಯಿತು. ಗಡಿನಾಡಾದ ಈ ಪ್ರದೇಶದಲ್ಲಿ ಧ್ವನಿಸಂದೇಶದ ಉಪಕಾರವಂತೂ ವಿಶೇಷವಾದುದು. ಕನ್ನಡವನ್ನು ಆಡಬಲ್ಲ, ಆದರೆ ಓದಲಾರದ ವಯನಾಡಿನ ವ್ಯಾಪಾರಿಗೂ, ಅಕ್ಷರ ಕಲಿಯದ ರೈತಮಹಿಳೆಗೂ ಲಿಪಿಯ ಹಂಗಿಲ್ಲದೆ ವ್ಯವಹಾರ ನಡೆಯುತ್ತದೆ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಸಂಜೆಯೊಳಗೆ ದರ ತಿಳಿದು ಸರಕು ಹೊರಡಬೇಕಾದವನಿಗೆ ಒಂದು ಛಾಯಾಚಿತ್ರ, ಎರಡು ಮಾತು ಸಾಕಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ತರುಣರು ಟೆಲಿಗ್ರಾಂ ಕಡೆಗೆ ಒಲಿದುದಕ್ಕೂ ಕಾರಣವುಂಟು. ಅದರ ಗುಂಪಿನಲ್ಲಿ ಎರಡು ಲಕ್ಷ ಜನರಿರಬಹುದು, ದೊಡ್ಡ ಪುಸ್ತಕಗಳನ್ನೂ ಹಂಚಬಹುದು, ತಡವಾಗಿ ಸೇರಿದವನೂ ಹಿಂದಿನದನ್ನು ಓದಬಹುದು.

ಸಮೂಹದ ಆಯ್ಕೆಯಲ್ಲಿ ಅಪಾಯವೂ ಅಡಗಿದೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪಿನಲ್ಲಿ ಹಬ್ಬಿದ ಸುಳ್ಳನ್ನು ನಂಬಿ ಜನರು ನಿರಪರಾಧಿಯಾದ ಯುವ ಇಂಜಿನಿಯರನೊಬ್ಬನನ್ನು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚು ರವಾನಿಸಲಾಗದಂತೆ ಮಿತಿ ಹಾಕಿತು. ಎಲ್ಲರೂ ಇರುವ ಸಂತೆಗೆ ಸುಳ್ಳೂ ಬರುತ್ತದೆ.

ಗೋಪ್ಯತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಗುಂಡ್ಲುಪೇಟೆಯಲ್ಲಿ ತನ್ನ ತಂದೆಯ ಸ್ಮರಣಾರ್ಥ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ ಚಿಕ್ಕದೇವರಾಜ ಒಡೆಯರೇ ಮೈಸೂರು ಅಂಚೆಯ ಸ್ಥಾಪಕರು. ಅಂಚೆಯ ಅಧಿಕಾರಿಗಳು ಓಲೆ ಸಾಗಿಸುವುದರ ಜೊತೆಗೆ ಸೀಮೆಯ ಗುಟ್ಟುಗಳನ್ನೂ ಅರಮನೆಗೆ ಅರಿಕೆ ಮಾಡುತ್ತಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. 1889ರಲ್ಲಿ ಆ ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಆದರೆ ಓಲೆಯನ್ನು ಒಯ್ಯುವವನು ಏನೇನನ್ನು ಅರಿಯುತ್ತಾನೆಂಬ ಪ್ರಶ್ನೆ ಉಳಿದುಕೊಂಡಿತು. ಸಿಗ್ನಲ್ ರೂಪಿಸಿದ ಬೀಗವನ್ನೇ 2016ರಿಂದ ವಾಟ್ಸಾಪ್ ಕೂಡ ಎಲ್ಲ ಖಾಸಗಿ ಮಾತುಕತೆಗಳಿಗೆ ಬಳಸುತ್ತಿದೆ. ಟೆಲಿಗ್ರಾಂನಲ್ಲಿ ‘ರಹಸ್ಯ ಸಂಭಾಷಣೆ’ಯನ್ನು ಬೇರೆಯಾಗಿ ಆರಿಸಿಕೊಂಡರೆ ಮಾತ್ರ ಅಂಥ ಭದ್ರತೆಯುಂಟು. ಓಲೆಯ ಒಳಗು ಮುಚ್ಚಿದ್ದರೂ ಲಕೋಟೆಯ ಹೊರಗು ಕಾಣುತ್ತದೆ. ಯಾರು ಯಾರಿಗೆ, ಎಷ್ಟು ಹೊತ್ತಿಗೆ ಬರೆದರೆಂಬುದೂ ಒಂದು ಬಗೆಯ ಗುಟ್ಟೇ. ಆ ಹೊರಗನ್ನೂ ಆದಷ್ಟು ಕಡಮೆ ಅರಿಯುವುದು ಸಿಗ್ನಲ್‌ನ ಹೆಗ್ಗಳಿಕೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯವು ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿತು. 2021ರ ನಿಯಮಾವಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ವಾಟ್ಸಾಪಿನ ಮಾತೃಸಂಸ್ಥೆಗೆ 213 ಕೋಟಿ ರೂಪಾಯಿಗಳಿಗೂ ಮಿಕ್ಕ ದಂಡವನ್ನು ವಿಧಿಸಿತು. ‘ಒಪ್ಪಿರಿ, ಇಲ್ಲವೇ ಬಿಡಿರಿ’ ಎಂಬ ಮಾತಿಗೆ ಬಿಡಲಾಗದ ಕಡೆ ಅರ್ಥವಿಲ್ಲವೆಂಬುದೇ ಆ ತೀರ್ಮಾನದ ಸಾರ.

ಬಿಡಲಾಗದ ಸ್ಥಿತಿಯನ್ನು ಕಂಪನಿಗಳು ಮಾತ್ರ ನಿರ್ಮಿಸುವುದಿಲ್ಲ. ಶಾಲೆಯೊಂದು ‘ಎಲ್ಲ ಸೂಚನೆಗಳೂ ಈ ಗುಂಪಿನಲ್ಲಿಯೇ ಬರುತ್ತವೆ’ ಎಂದ ದಿನ ನೂರಾರು ಮನೆಗಳ ಆಯ್ಕೆ ಮುಗಿಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆ ಆ ದಿನವೇ ಹೊರಗುಳಿಯುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯಸರ್ಕಾರವು ಆರಂಭಿಸಿದ ವಿದ್ಯಾಗಮ ಯೋಜನೆ ಇದನ್ನು ಮನಗಂಡಿತ್ತು. ಸ್ಮಾರ್ಟ್‌ಫೋನ್ ಉಳ್ಳವರು, ಸಾಧಾರಣ ಫೋನ್ ಉಳ್ಳವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಉಪಾಧ್ಯಾಯರು ತಾವೇ ಊರೂರಿಗೆ ಹೋಗಿ ವಠಾರಗಳಲ್ಲಿ, ಜಗಲಿಗಳಲ್ಲಿ ಪಾಠ ಹೇಳಿದರು. ಫೋನಿಲ್ಲದವನನ್ನು ಮೊದಲು ಎಣಿಸಬೇಕೆಂಬುದು ಆ ಯೋಜನೆ ಕಲಿಸಿದ ಪಾಠ.

ಆದಕಾರಣ ಗುಂಪನ್ನು ಕಟ್ಟುವವರ ಮೇಲೆ ಕೆಲವು ಹೊಣೆಗಳಿವೆ. ಪರೀಕ್ಷಾ ಶುಲ್ಕದ ಕೊನೆಯ ದಿನ, ವಿದ್ಯಾರ್ಥಿನಿಲಯದ ಪ್ರವೇಶ ಮುಂತಾದ ಮುಖ್ಯ ಸೂಚನೆಗಳು ಸೂಚನಾಫಲಕದಲ್ಲಿಯೂ, ಎಲ್ಲ ಫೋನಿಗೂ ಮುಟ್ಟುವ ಸಾಧಾರಣ ಎಸ್‌ಎಂಎಸ್ ರೂಪದಲ್ಲಿಯೂ ಬರತಕ್ಕದ್ದು. ವಾಟ್ಸಾಪ್ ಗುಂಪಿಗೆ ಸೇರಿದ ತಾಯಿಯೊಬ್ಬಳ ಫೋನ್ ಸಂಖ್ಯೆ ಅಲ್ಲಿರುವ ಅಪರಿಚಿತರಿಗೂ ಕಾಣುತ್ತದೆ. ಸೂಚನೆ ಕೊಡುವುದಷ್ಟೇ ಉದ್ದೇಶವಾದರೆ, ಸದಸ್ಯರ ಸಂಖ್ಯೆಗಳು ಪರಸ್ಪರ ಕಾಣದ ಚಾನೆಲ್ ವ್ಯವಸ್ಥೆ ಲೇಸು. ಮಕ್ಕಳ ಅಂಕಗಳನ್ನೂ ಜಾತಿ ಪ್ರಮಾಣಪತ್ರಗಳನ್ನೂ ಗುಂಪಿಗೆ ಹಾಕುವುದು ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ವಿಧಿಸಿದೆ. ಹಳೆಯ ವಿದ್ಯಾರ್ಥಿಗಳ ಬಳಗಗಳೂ ದಾನಿಗಳೂ ಈ ವಿಚಾರದಲ್ಲಿ ಮೇಲ್ಪಂಕ್ತಿ ಹಾಕಬಹುದು.

ಹನ್ನೆರಡನೆಯ ಶತಮಾನದ ಶರಣರ ಮುಂದೆಯೂ ಇಂಥದೇ ಒಂದು ಆಯ್ಕೆಯಿತ್ತು. ಪಂಡಿತಮಾನ್ಯವಾದ ಸಂಸ್ಕೃತವಿದ್ದಾಗಲೂ ಅವರು ಜನರಿದ್ದ ಕನ್ನಡವನ್ನೇ ಸಂದೇಶವಾಹಕವನ್ನಾಗಿ ಮಾಡಿಕೊಂಡರು. ಜನರಿದ್ದಲ್ಲಿಗೆ ಹೋಗುವುದು ಅಲ್ಲಿಯೂ ತತ್ತ್ವವೇ. ಆದರೆ ಅವರು ಹೋದದ್ದು ಅದುವರೆಗೆ ಹೊರಗೆ ನಿಂತಿದ್ದವರನ್ನು ಒಳಗೆ ಕರೆಯಲು. ಮಡಿವಾಳ, ಅಂಬಿಗ, ಕಾಯಕದ ಹೆಣ್ಣುಮಕ್ಕಳು ಅಲ್ಲಿ ಕೇಳುಗರಾಗಿ ಮಾತ್ರ ಉಳಿಯದೆ ವಚನಕಾರರೂ ಆದರು. ಇಂದು ಯಾವ ಸಂದೇಶವಾಹಕವನ್ನು ಆರಿಸಿದರೂ ಈ ಅಳತೆಗೋಲನ್ನು ಮರೆಯಬಾರದು. ಗುಂಪಿನಲ್ಲಿ ಎಷ್ಟು ಜನರಿದ್ದಾರೆಂಬುದು ಕಂಪನಿಗಳ ಲೆಕ್ಕ. ಯಾರು ಇಲ್ಲವೆಂಬುದು ವಿದ್ಯಾಸಂಸ್ಥೆಯ ಲೆಕ್ಕ.