ಐದು ನಿಮಿಷ ಅಂದರೆ ಐದೇ ನಿಮಿಷ

ಹೈದರಾಬಾದಿನ ಮಣಿಕೊಂಡಕ್ಕೆ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಸಂಜೆ ಹೆಚ್ಚುಕಡಿಮೆ ಒಂದೇ ಥರ. ಅಪ್ಪ ಗಚ್ಚಿಬೌಲಿಯಿಂದ, ಅಮ್ಮ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಿಂದ ಸುಸ್ತಾಗಿ ಬರುತ್ತಾರೆ. ಅಜ್ಜಿ-ತಾತ ದೂರದ ಕಲಬುರಗಿಯಲ್ಲೋ ಹುಬ್ಬಳ್ಳಿಯಲ್ಲೋ. ಎರಡನೇ ಕ್ಲಾಸಿನ ಮಗು ಮೊಬೈಲ್ ಬಿಡದು. "ಇನ್ನೈದು ನಿಮಿಷ" ಎನ್ನುತ್ತದೆ, ಅದು ಅರ್ಧ ಗಂಟೆಯಾಗುತ್ತದೆ. ಕೊನೆಗೆ ಕೂಗಾಟ.

ಈ "ಐದು ನಿಮಿಷ" ಮಗು ಕಲಿತದ್ದು ಎಲ್ಲಿಂದ? ಬಹಳ ಸಲ ನಮ್ಮಿಂದಲೇ. ಅಮೆರಿಕದ ರಾಚೆಸ್ಟರ್‌ನಲ್ಲಿ ಪುಟ್ಟ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಬಣ್ಣದ ಸಾಮಾನು, ಸ್ಟಿಕ್ಕರ್ ತಂದುಕೊಡುತ್ತೇವೆ ಎಂದು ಕೆಲವು ಮಕ್ಕಳಿಗೆ ಹೇಳಿ, ಹಾಗೇ ತಂದುಕೊಟ್ಟರು. ಉಳಿದವರಿಗೆ ಹೇಳಿ ಕೈಕೊಟ್ಟರು. ಆಮೇಲೆ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸಹೋದವರು 3 ನಿಮಿಷ. ಇದ್ದದ್ದು 28 ಮಕ್ಕಳಷ್ಟೇ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೆ ಕಾಯದ ಮಗುವನ್ನು ಹಠಮಾರಿ ಎನ್ನುವ ಮೊದಲು ನಮ್ಮ ಮಾತಿನ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು. ಭಾನುವಾರ ಪಾರ್ಕಿಗೆ ಎಂದರೆ ಪಾರ್ಕಿಗೆ ಹೋಗಲೇಬೇಕು. ಆಗದು ಎನಿಸಿದರೆ ಒಪ್ಪಿಕೊಳ್ಳಲೇಬಾರದು.

ಹಾಗಾದರೆ ಹೇಳಿದ್ದು ಕೇಳಿದರೆ ಕೊಡುವ ಸ್ಟಾರು, ಚಾಕೊಲೇಟು? ಹಲ್ಲುಜ್ಜುವಂಥ ಬೇಸರದ ಕೆಲಸಕ್ಕೆ ಸ್ವಲ್ಪ ದಿನ ಇರಲಿ. ಮಗು ತಾನಾಗಿ ಇಷ್ಟಪಟ್ಟು ಮಾಡುವುದಕ್ಕೆ ಬೇಡ. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಿಗೆ ಮೊದಲೇ ಬಹುಮಾನದ ಮಾತು ಕೊಟ್ಟರೆ, ಆಮೇಲೆ ಬಿಡುವಿನಲ್ಲಿ ಅವರು ಬರೆಯುವುದೇ ಕಡಿಮೆಯಾಗುತ್ತದೆಂದು ಮನಶ್ಶಾಸ್ತ್ರಜ್ಞ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದಾರೆ. ಬೆತ್ತದ ಮಾತಂತೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹೆದರಿಕೆಯೂ ಆಮಿಷವೂ ಇಲ್ಲದ ಶಿಸ್ತು ನೋಡಬೇಕೆಂದರೆ ನಮ್ಮ ಕರ್ನಾಟಕದ ನಲಿ-ಕಲಿ ತರಗತಿಯಲ್ಲಿ ಒಂದು ಗಂಟೆ ಕೂರಬೇಕು. ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಕಲಿಕಾ ಕ್ರಮದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದದ್ದು ಇದು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ತನ್ನ ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಟೀಚರ್ ಬೇಕು, ಇನ್ನೊಂದಕ್ಕೆ ಗೆಳೆಯ ಸಾಕು, ಮತ್ತೊಂದು ತಾನೇ ಕಲಿಯುತ್ತದೆ. ಗದ್ದಲ ಇದ್ದೇ ಇರುತ್ತದೆ. ನಿಶ್ಶಬ್ದವೇ ಶಿಸ್ತು ಎಂದುಕೊಂಡವರಿಗೆ ಮೊದಲ ದಿನ ತಲೆನೋವು ಖಂಡಿತ. ಆದರೆ ಮುಂದೇನು ಮಾಡಬೇಕೆಂದು ಗೊತ್ತಿರುವ ಮಗುವಿಗೆ ತಂಟೆಗೆ ಪುರುಸೊತ್ತು ಕಡಿಮೆ.

ಫ್ಲ್ಯಾಟಿನಲ್ಲೂ ಇಂಥ ಶಿಸ್ತು ಸಾಧ್ಯ. ಬ್ಯಾಗು ಇಡುವ ಜಾಗ, ಹೋಂವರ್ಕಿನ ಹೊತ್ತು ಮಗುವೇ ಆರಿಸಲಿ, ಮಗುವೇ ಬರೆದು ಗೋಡೆಗೆ ಅಂಟಿಸಲಿ. ಎರಡು-ಮೂರು ನಿಯಮ ಸಾಕು. ನೀರು ಚೆಲ್ಲಿದರೆ ಬಟ್ಟೆ ತಂದು ಒರೆಸುವುದೇ ಅದಕ್ಕೆ ತಕ್ಕದ್ದು, ಟಿವಿ ಬಂದ್ ಮಾಡುವುದಲ್ಲ. "ಗುಡ್ ಬಾಯ್" ಎನ್ನುವುದಕ್ಕಿಂತ "ತಂಗಿ ಮಾತು ಮುಗಿಸುವವರೆಗೂ ಕಾದೆಯಲ್ಲ" ಎಂದರೆ ಯಾವುದು ಮೆಚ್ಚುಗೆಯಾಯಿತೆಂದು ಮಗುವಿಗೆ ತಿಳಿಯುತ್ತದೆ.

ಹೊಸಬರಿಗೆ ಇನ್ನೊಂದು ಮಾತು. ಇಲ್ಲಿ ಮಗುವಿಗೆ ತರಗತಿಯಲ್ಲಿ ಇಂಗ್ಲಿಷು, ಆಟದಲ್ಲಿ ತೆಲುಗು-ಹಿಂದಿ, ಮನೆಯಲ್ಲಿ ಕನ್ನಡ. "ಹೇಳಿದ ಮಾತು ಕೇಳುವುದಿಲ್ಲ" ಎಂದು ಡೈರಿಯಲ್ಲಿ ಬರೆದು ಬಂದರೆ ಗದರಬೇಡಿ. ಟೀಚರ್ ಏನು ಹೇಳಿದರೆಂದು ಮಗುವಿನ ಬಾಯಲ್ಲೇ ಕನ್ನಡದಲ್ಲಿ ಹೇಳಿಸಿ. ಅರ್ಥವೇ ಆಗಿರದಿದ್ದರೆ, ಮರುದಿನ ಟೀಚರಿಗೆ ಅದನ್ನು ತಿಳಿಸುವ ಕೆಲಸ ನಿಮ್ಮದು.